ಅಣ್ಣ, ಇಗ್ವಾನಾ ಎಷ್ಟಾಗುತ್ತೆ? ಮೀನಿನ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಅಕ್ವೇರಿಯಂ ಅಂಗಡಿ. ಗಪ್ಪಿ, ಮೋಲಿ, ಗೋಲ್ಡ್ ಫಿಶ್, ಗಾಜಿನ ತೊಟ್ಟಿ, ಏರ್ ಪಂಪು, ಇಷ್ಟೇ ವ್ಯಾಪಾರ. ಆದರೆ ವಾರಕ್ಕೆ ಮೂರ್ನಾಲ್ಕು ಜನ ಬೇರೆ ಕೆಲಸಕ್ಕೇ ಬರುತ್ತಾರೆ. ಮೀನು ನೋಡುವವರ ಹಾಗೆ ಎರಡು ಸುತ್ತು ಹಾಕಿ, ಅಂಗಡಿ ಖಾಲಿಯಾದ ಮೇಲೆ ಕೌಂಟರಿಗೆ ಒರಗಿ ಮೆಲ್ಲಗೆ ಕೇಳುತ್ತಾರೆ: "ಅಣ್ಣ, ಇಗ್ವಾನಾ ತರಿಸಿ ಕೊಡ್ತೀರಾ? ಹೆಬ್ಬಾವಿನ ಮರಿ ಸಿಗುತ್ತಾ? ಎಷ್ಟಾಗುತ್ತೆ?" ಇಗ್ವಾನಾ ಅಂದರೆ ಅಮೆರಿಕ ಖಂಡದ ದೊಡ್ಡ ಓತಿ. ಅದೇ ಪ್ರಶ್ನೆ, ಅದೇ ಉತ್ತರ. ಹೇಳಿ ಹೇಳಿ ಬಾಯಿ ಒಣಗಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಇಗ್ವಾನಾ, ಬಾಲ್ ಪೈಥಾನ್ ನಿಮ್ಮಲ್ಲಿ ಸಿಗುತ್ತಾ?

ಇಲ್ಲ. ತರಿಸಿಯೂ ಕೊಡುವುದಿಲ್ಲ.

ಒಂದೇ ಜಾತಿಯ ಹಾವಿಗೆ ಒಬ್ಬ ಸಾವಿರದಲ್ಲಿ ರೇಟು ಹೇಳ್ತಾನೆ, ಇನ್ನೊಬ್ಬ ಲಕ್ಷದಲ್ಲಿ. ಯಾಕೆ?

ಅಡಿಕೆ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದೇ ತೋಟ, ಅದೇ ಮರ. ಮಂಡಿಗೆ ಹೋದರೆ ಸರಕು ಒಂದು ರೇಟು, ಬೆಟ್ಟೆ ಒಂದು, ರಾಶಿ ಒಂದು, ಗೊರಬಲು ಒಂದು. ಹಾವಿನ ಪೇಟೆಯೂ ಹಾಗೆಯೇ. ಬಾಲ್ ಪೈಥಾನ್ ಅನ್ನುವುದು ಪಶ್ಚಿಮ ಆಫ್ರಿಕಾದ ಸಣ್ಣ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಕಂದು ಬಣ್ಣದ ಮಾಮೂಲಿ ಹಾವಿಗೆ ಕಡಿಮೆ ಬೆಲೆ. ಬಿಳಿ, ಹಳದಿ, ಪಟ್ಟೆ ಇಲ್ಲದ್ದು, ಅರ್ಧ ಬಿಳಿ ಅರ್ಧ ಕಂದು ಹೀಗೆ ಬಣ್ಣ ಬೇರೆಯಾದರೆ ಅದನ್ನು ಮಾರ್ಫ್ ಅಂತಾರೆ. ಬೆಲೆ ಏರುವುದು ಅಲ್ಲಿ.

ಅಮೆರಿಕದಲ್ಲಿ 1992ರಲ್ಲಿ ಮೊದಲ ಸಲ ಅಲ್ಬಿನೊ, ಅಂದರೆ ಕಪ್ಪು ಬಣ್ಣವೇ ಇಲ್ಲದ ಬಿಳಿ-ಹಳದಿ ಬಾಲ್ ಪೈಥಾನ್ ಮರಿ ಮಾಡಿಸಿದರು. ಆಗ ಒಂದೊಂದು ಮರಿ ಸಾವಿರಾರು ಡಾಲರಿಗೆ ಹೋಯಿತು. ಕೊಂಡವರು ಸುಮ್ನೆ ಕೂರುತ್ತಾರಾ? ಅವರೂ ಮರಿ ಮಾಡಿಸಿದರು. ಒಂದು ಸಲಕ್ಕೆ ಐದಾರು ಮೊಟ್ಟೆ, ಮೂರ್ನಾಲ್ಕು ವರ್ಷದಲ್ಲಿ ಆ ಮರಿಗಳೂ ಮೊಟ್ಟೆಗೆ ಸಿದ್ಧ. ಈಗ ಅದೇ ಅಲ್ಬಿನೊ ಅಲ್ಲಿ ನೂರರ ಲೆಕ್ಕಕ್ಕೆ ಇಳಿದಿದೆ. ನಮ್ಮಲ್ಲಿ ವೆನಿಲ್ಲಾ ಕತೆ ನೆನಪಿದೆ ಅಲ್ವಾ? ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಂತು, ಇಲ್ಲಿ ಬೆಲೆ ಆಕಾಶಕ್ಕೆ ಹೋಯಿತು, ಅಡಿಕೆ ಮರಕ್ಕೆಲ್ಲ ಬಳ್ಳಿ ಹಬ್ಬಿಸಿದರು. ಕೋಡು ಕೈಗೆ ಬರುವ ಹೊತ್ತಿಗೆ ಕೇಳುವವರಿಲ್ಲ. ಮಾರ್ಫ್ ವ್ಯಾಪಾರ ಥೇಟ್ ಹಾಗೆ. ಮೊದಲು ಮಾರಿದವನು ಗೆದ್ದ. "ಜೋಡಿ ತಗೊಳ್ಳಿ, ಮರಿ ಮಾಡಿ ಮಾರಿದ್ರೆ ದುಡ್ಡು ವಾಪಸ್" ಅಂತ ಯಾರಾದರೂ ಹೇಳಿದರೆ ವೆನಿಲ್ಲಾ ನೆನಪು ಮಾಡಿಕೊಳ್ಳಿ.

ಇನ್ನೊಂದು ಮಾತು. ಬಣ್ಣದ ಹಿಂದೆ ಬಿದ್ದರೆ ಕೆಲವು ಸಲ ರೋಗವೂ ಜೊತೆಗೆ ಬರುತ್ತದೆ. ಸ್ಪೈಡರ್ ಅನ್ನುವ ಮಾರ್ಫ್ ನೋಡಲು ಬಲೆ ಬಿಡಿಸಿದ ಹಾಗೆ ಚಂದ. ಆದರೆ ಅದರ ತಲೆ ನೆಟ್ಟಗೆ ನಿಲ್ಲುವುದಿಲ್ಲ. ನಡುಗುತ್ತದೆ, ವಾಲುತ್ತದೆ, ಕೆಲವಕ್ಕೆ ತಲೆಕೆಳಗಾಗಿ ತಿರುಗಿಬಿಡುತ್ತದೆ. ಇಲಿ ಹಿಡಿಯಲು ಹೋಗಿ ಗುರಿ ತಪ್ಪುತ್ತದೆ. ಅದು ಆ ಬಣ್ಣದ ಜೊತೆಗೇ ಹುಟ್ಟಿನಿಂದ ಬರುವ ದೋಷ.

ಸೈಟಿಸ್ ಅಂತಾರಲ್ಲ, ಅದೇನು?

ಕಾಡುಪ್ರಾಣಿ, ಕಾಡುಗಿಡಗಳನ್ನು ದೇಶದಿಂದ ದೇಶಕ್ಕೆ ಸಾಗಿಸಲು ಇರುವ ಅಂತರರಾಷ್ಟ್ರೀಯ ಒಪ್ಪಂದ. 1973ರಲ್ಲಿ ಸಹಿ ಬಿತ್ತು, 1975ರಲ್ಲಿ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿತು. ಮೂರು ಪಟ್ಟಿ ಇವೆ. ಒಂದನೇ ಪಟ್ಟಿಯಲ್ಲಿದ್ದರೆ ಕಾಡಿನಿಂದ ಹಿಡಿದು ವ್ಯಾಪಾರ ಮಾಡುವ ಹಾಗೇ ಇಲ್ಲ. ನಮ್ಮ ಉಡ ಅದರಲ್ಲಿದೆ, ನಕ್ಷತ್ರ ಆಮೆ 2019ರಲ್ಲಿ ಸೇರಿತು. ಎರಡನೇ ಪಟ್ಟಿಯದಕ್ಕೆ ರಫ್ತು ಮಾಡುವ ದೇಶದ ಪರ್ಮಿಟ್ ಬೇಕು. ಬಾಲ್ ಪೈಥಾನ್, ಹಸಿರು ಇಗ್ವಾನಾ, ಕಾಳಿಂಗ ಸರ್ಪ ಎಲ್ಲ ಇಲ್ಲಿ ಬರುತ್ತವೆ. ಮೂರನೆಯದು, ಯಾವುದೋ ಒಂದು ದೇಶ "ನಮ್ಮ ಈ ಪ್ರಾಣಿ ಕಾಯಲು ನೆರವಾಗಿ" ಅಂತ ಕೇಳಿಕೊಂಡು ಸೇರಿಸಿದ್ದು.

ಪಟ್ಟಿ ಬದಲಾದರೆ ಬೆಲೆಯೂ ಬದಲಾಗುತ್ತದೆ. ಒಪ್ಪಂದದ ದೇಶಗಳ ಸಭೆಯಲ್ಲಿ ತೀರ್ಮಾನವಾದ ಮೇಲೆ ಜಾರಿಗೆ ಬರಲು ಸಾಮಾನ್ಯವಾಗಿ 90 ದಿನ ಇರುತ್ತದೆ. ಆ 90 ದಿನದಲ್ಲಿ ಸಿಕ್ಕಷ್ಟು ಬಾಚಿಕೊಳ್ಳಲು ನೋಡುವ ವ್ಯಾಪಾರಿಗಳಿಗೆ ಬರವಿಲ್ಲ.

ದೊಡ್ಡ ತೂತು ಬೇರೆ ಕಡೆ ಇದೆ. 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಜಗತ್ತಿನ ಹಾವು, ಹಲ್ಲಿ, ಆಮೆ ಜಾತಿಗಳಲ್ಲಿ 35ಕ್ಕೂ ಹೆಚ್ಚು ಶೇಕಡಾ, ಅಂದರೆ ಸುಮಾರು 3,900 ಜಾತಿ, ಎಲ್ಲಾದರೂ ಒಂದು ಕಡೆ ಮಾರಾಟವಾಗುತ್ತಿವೆ. ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಈ ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಎಷ್ಟು ಸಾಗಿಸಿದರೂ ಲೆಕ್ಕ ಇಡುವವರಿಲ್ಲ.

"ಸಾಕಿದ್ದು, ಕಾಡಿಂದಲ್ಲ" ಅಂತಾರೆ. ನಂಬಬಹುದಾ?

ಪರ್ಮಿಟ್ ಮೇಲೆ ಒಂದು ಅಕ್ಷರ ಇರುತ್ತದೆ. ಡಬ್ಲ್ಯೂ ಅಂದರೆ ಕಾಡಿನದು, ಸಿ ಅಂದರೆ ಗೂಡಿನಲ್ಲೇ ಹುಟ್ಟಿ ಬೆಳೆದದ್ದು, ಆರ್ ಅಂದರೆ ಕಾಡಿನಿಂದ ಮೊಟ್ಟೆಯನ್ನೋ ಬಸುರಿ ಹಾವನ್ನೋ ತಂದು ಮರಿ ಮಾಡಿಸಿದ್ದು. ಟೋಗೊ, ಬೆನಿನ್, ಘಾನಾ ದೇಶಗಳಿಂದ ಹೋಗುವ ಬಾಲ್ ಪೈಥಾನ್ ಮರಿಗಳಲ್ಲಿ ತುಂಬ ಈ ಆರ್ ಲೆಕ್ಕದ್ದು. ಹಳ್ಳಿಯವನು ಬಿಲ ಅಗೆದು ಹಾವು ಹಿಡಿದು ಕೊಡುತ್ತಾನೆ. ಅವನಿಗೆ ಸಿಗುವುದು ಚಿಲ್ಲರೆ. ಅಲ್ಲಿಂದ ರಫ್ತುದಾರ, ಆಮದುದಾರ, ಹೋಲ್‌ಸೇಲ್, ಅಂಗಡಿ. ಪ್ರತಿ ಕೈ ದಾಟುವಾಗಲೂ ಬೆಲೆ ಏರುತ್ತದೆ.

ಆ ಒಂದಕ್ಷರದ ಮೇಲೆ ನನಗೆ ಜಾಸ್ತಿ ನಂಬಿಕೆ ಇಲ್ಲ. ಇಂಡೊನೇಷ್ಯಾದಿಂದ "ಸಾಕಿದ್ದು" ಅಂತ ಹೋಗುತ್ತಿದ್ದ ಹಸಿರು ಹೆಬ್ಬಾವುಗಳ ಬೆನ್ನು ಹತ್ತಿದ ಇಬ್ಬರು ಸಂಶೋಧಕರು 2011ರಲ್ಲಿ ಬರೆದದ್ದು: ಕಡಿಮೆ ಅಂದರೂ 80 ಶೇಕಡಾ ಕಾಡಿನಿಂದ ಹಿಡಿದವು. ಅದೇ ದೇಶ 2014ರಲ್ಲಿ ಟೋಕೆ ಅನ್ನುವ ದೊಡ್ಡ ಜಾತಿಯ 30 ಲಕ್ಷ ಹಲ್ಲಿಗಳನ್ನು ಸಾಕಿದ್ದೆಂದು ಜೀವಂತ ರಫ್ತು ಮಾಡಲು ಒಪ್ಪಿಗೆ ಕೊಟ್ಟಿತ್ತು. ಟೋಕೆ ಒಂದು ಸಲಕ್ಕೆ ಇಡುವುದು ಒಂದೋ ಎರಡೋ ಮೊಟ್ಟೆ. 30 ಲಕ್ಷ ಮರಿಗೆ ಎಷ್ಟು ತಾಯಿ, ಎಷ್ಟು ಗೂಡು, ದಿನಕ್ಕೆ ಎಷ್ಟು ಮಿಡತೆ ಬೇಕು, ನೀವೇ ಲೆಕ್ಕ ಹಾಕಿ. ಅಷ್ಟು ಮಿಡತೆ ಸಾಕುವುದಕ್ಕೇ ಒಂದು ಊರು ಬೇಕಾಗುತ್ತದೆ.

ಅಂದರೆ ಜಾಸ್ತಿ ಬೆಲೆ ಕೊಡುವಾಗ ನೀವು ಕೊಡುವುದು ಪ್ರಾಣಿಗಲ್ಲ, ಕಾಗದಕ್ಕೆ. ಆ ಕಾಗದ ನಿಜವೋ ಅಲ್ಲವೋ ಅನ್ನುವುದು ಕೊಂಡವನಿಗೆ ಗೊತ್ತಾಗುವುದೇ ಇಲ್ಲ.

ಭಾರತದಲ್ಲಿ ಇವನ್ನೆಲ್ಲ ಸಾಕುವುದು ತಪ್ಪಾ?

ಎರಡು ಭಾಗ ಮಾಡಿ ನೋಡಿ. ನಮ್ಮ ಕಾಡಿನ ಹಾವು, ಉಡ, ಆಮೆಗಳನ್ನು ಹಿಡಿದು ಇಟ್ಟುಕೊಳ್ಳುವುದು, ಮಾರುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. 1972ರ ಕಾಯ್ದೆ ಅದು. ಕಾಯ್ದೆಯ ಒಂದನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು. "ಮನೇಲಿ ಮುದ್ದಾಗಿ ಸಾಕಿದ್ದೆ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಹೊರದೇಶದವುಗಳಿಗೆ ಮೊದಲು ಈ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ವಿಮಾನ ನಿಲ್ದಾಣದಿಂದ ಹೊರಗೆ ಬಂದರೆ ಮುಗಿಯಿತು, ಕೇಳುವವರಿರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ "ಇಟ್ಟುಕೊಂಡವರು ಆರು ತಿಂಗಳಲ್ಲಿ ತಾವಾಗಿ ಹೇಳಿ, ದಾಖಲೆ ಕೇಳುವುದಿಲ್ಲ" ಅಂತ ಅವಕಾಶ ಕೊಟ್ಟಿತು. 2022ರಲ್ಲಿ ಕಾಯ್ದೆ ತಿದ್ದಿದರು, 2023ರ ಏಪ್ರಿಲ್ 1ರಿಂದ ಜಾರಿ. ಸೈಟಿಸ್ ಪಟ್ಟಿಯ ಪ್ರಾಣಿಗಳು ಈಗ ನಾಲ್ಕನೇ ಅನುಸೂಚಿಯಲ್ಲಿವೆ. 2024ರ ಫೆಬ್ರವರಿಯಲ್ಲಿ ನಿಯಮ ಬಂತು. ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ಹೇಳಬೇಕು.

ಹೊರಗಿನಿಂದ ತರಿಸುವುದಾದರೆ ಸೈಟಿಸ್ ಪರ್ಮಿಟ್ ಒಂದರಿಂದ ಆಗುವುದಿಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ, ಪಶುಸಂಗೋಪನೆ ಇಲಾಖೆಯ ಆರೋಗ್ಯ ಪರ್ಮಿಟ್, ಕಸ್ಟಮ್ಸ್. ಇಷ್ಟೆಲ್ಲ ಓಡಾಡಿ ಒಂದು ಇಗ್ವಾನಾ ತರಿಸಿದವರು ಶಿವಮೊಗ್ಗದಲ್ಲಿ ನನಗಂತೂ ಸಿಕ್ಕಿಲ್ಲ.

ವಾಟ್ಸಾಪ್‌ನಲ್ಲಿ "ಪೇಪರ್ ಸಮೇತ" ಅಂತ ಹಾಕ್ತಾರಲ್ಲ?

ಆ ಪೇಪರಿನ ಫೋಟೊ ಕಳಿಸಿ ಅನ್ನಿ. ಬ್ಲಾಕ್ ಮಾಡುತ್ತಾರೆ.

ಕಳ್ಳಸಾಗಣೆ ಹೇಗೆ ನಡೆಯುತ್ತೆ?

ಹಾವು, ಆಮೆ, ಹಲ್ಲಿಗಳಿಗೆ ಒಂದು ಶಾಪವಿದೆ. ಅವುಗಳಲ್ಲಿ ಹೆಚ್ಚಿನವು ಕೂಗುವುದಿಲ್ಲ. ವಾರಗಟ್ಟಲೆ ಊಟ ಇಲ್ಲದಿದ್ದರೂ ಸಾಯುವುದಿಲ್ಲ. ತಣ್ಣಗಿದ್ದರೆ ಮಿಸುಕುವುದೂ ಇಲ್ಲ. ಹಕ್ಕಿಯನ್ನು ಬ್ಯಾಗಿನಲ್ಲಿಟ್ಟರೆ ಗಲಾಟೆ ಮಾಡುತ್ತದೆ. ಹಾವನ್ನು ಬಟ್ಟೆಚೀಲಕ್ಕೆ ಹಾಕಿ ಗಂಟು ಕಟ್ಟಿದರೆ ಬಟ್ಟೆಯ ಗಂಟಿನಂತೆ ಬಿದ್ದಿರುತ್ತದೆ. ಆಮೆಗೆ ಕೈಕಾಲು ಒಳಗೆ ದಬ್ಬಿ ಟೇಪ್ ಸುತ್ತುತ್ತಾರೆ.

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ವಿಮಾನದ ಒಂದು ಬ್ಯಾಗು ವಾರಸುದಾರರಿಲ್ಲದೆ ಸಿಕ್ಕಿತು. ಒಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಕೋತಿ. ಹಾವುಗಳು ಬದುಕಿದ್ದವು, ಆರೂ ಕೋತಿ ಸತ್ತಿದ್ದವು. ನಾನು ಮೇಲೆ ಹೇಳಿದ ಶಾಪ ಅಂದರೆ ಇದೇ.

ಮಲೇಷ್ಯಾದ ಆನ್ಸನ್ ವಾಂಗ್ ಅನ್ನುವವನ ಹೆಸರು ಈ ದಂಧೆಯಲ್ಲಿ ದೊಡ್ಡದು. 1998ರಲ್ಲಿ ಮೆಕ್ಸಿಕೊದಲ್ಲಿ ಸಿಕ್ಕಿಬಿದ್ದು, ಅಮೆರಿಕದಲ್ಲಿ ಜೈಲು ಕಂಡು ಬಂದವನು. 2010ರಲ್ಲಿ ಕ್ವಾಲಾಲಂಪುರ ವಿಮಾನ ನಿಲ್ದಾಣದಲ್ಲಿ ಅವನ ಸೂಟ್‌ಕೇಸ್ ಒಡೆದು, 95 ಬೋವಾ ಹಾವು ಬಯಲಿಗೆ ಬಂದವು. ಅಷ್ಟು ವರ್ಷದ ಕಸುಬುದಾರನನ್ನು ಹಿಡಿದುಕೊಟ್ಟದ್ದು ಸೂಟ್‌ಕೇಸು.

ಬೆಂಗಳೂರಲ್ಲಿ ಸಿಕ್ಕ ಆ ಕಾಳಿಂಗಗಳನ್ನು ಆಗುಂಬೆಗೆ ತಂದು ಬಿಡಬಹುದಿತ್ತಲ್ವಾ?

ಈ ಪ್ರಶ್ನೆ ಕೇಳಿದ್ದು ತೀರ್ಥಹಳ್ಳಿಯ ಕಾಲೇಜು ಹುಡುಗ. ಒಳ್ಳೆಯ ಪ್ರಶ್ನೆ. ಬಿಡುವ ಹಾಗಿಲ್ಲ. ಬದುಕಿದ್ದವನ್ನು ಬಂದ ದೇಶಕ್ಕೇ ವಾಪಸ್ ಕಳಿಸಿದರು.

ಕಾರಣ ಕೇಳಿ. ಕಾಳಿಂಗ ಅಂದರೆ ಎಲ್ಲ ಕಡೆ ಒಂದೇ ಜಾತಿ ಅಂತ 1836ರಿಂದ ನಂಬಿದ್ದರು. 2024ರಲ್ಲಿ ಅದನ್ನು ನಾಲ್ಕು ಜಾತಿ ಮಾಡಿದರು. ನಮ್ಮ ಪಶ್ಚಿಮ ಘಟ್ಟದ್ದು ಬೇರೆಯೇ. ಅದರ ವೈಜ್ಞಾನಿಕ ಹೆಸರು ಒಫಿಯೊಫಾಗಸ್ ಕಾಳಿಂಗ. ಹೌದು, ನಮ್ಮ ಕನ್ನಡದ ಕಾಳಿಂಗವೇ. ಥಾಯ್ಲೆಂಡ್ ಕಡೆಯದನ್ನು ತಂದು ಇಲ್ಲಿ ಬಿಟ್ಟರೆ ತಳಿ ಬೆರೆಯಬಹುದು, ಅದಕ್ಕೆ ಅಂಟಿದ ರೋಗ ನಮ್ಮ ಹಾವುಗಳಿಗೆ ಅಂಟಬಹುದು. 55 ಹೆಬ್ಬಾವಿನ ಜೊತೆ ಒಂದೇ ಬ್ಯಾಗಿನಲ್ಲಿ ಬಂದದ್ದು ಅದು.

ಕೇರೆ ಹಾವು ತಿಂದು, ಮಳೆಗಾಲಕ್ಕೆ ಮುಂಚೆ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಕಾಳಿಂಗ. ಹೊಸನಗರ, ಆಗುಂಬೆ ಕಡೆ ಬಚ್ಚಲುಮನೆಗೆ ಬಂದರೂ ಜನ ಹೊಡೆಯುವುದಿಲ್ಲ, ಫೋನ್ ಮಾಡುತ್ತಾರೆ. ಅದಕ್ಕೆ ರೇಟು ಕಟ್ಟುವವರು ಹೊರಗಿನವರು.

ಎರಡು ತಲೆ ಹಾವು ಸಿಕ್ಕಿದೆ. ಕೋಟಿಗೆ ಹೋಗುತ್ತಂತೆ, ನಿಜವಾ?

ಶಿಕಾರಿಪುರ ಕಡೆಯ ಒಬ್ಬರು ಮೊಬೈಲ್ ಹಿಡಿದು ಬಂದಿದ್ದರು. ಫೋಟೊದಲ್ಲಿ ಪ್ಲಾಸ್ಟಿಕ್ ಬಕೆಟು, ಅದರಲ್ಲಿ ದಪ್ಪನೆಯ ಕಂದು ಹಾವು, ಪಕ್ಕದಲ್ಲಿ ದಿನಸಿ ಅಂಗಡಿಯ ತಕ್ಕಡಿ. "ಎರಡು ಕೆಜಿ ಇದೆ ಅಣ್ಣ, ಪಾರ್ಟಿ ಇದ್ರೆ ಹೇಳಿ" ಅಂದರು. ದನಿ ನಡುಗುತ್ತಿತ್ತು. ಆಸೆಗೋ ಹೆದರಿಕೆಗೋ ಗೊತ್ತಿಲ್ಲ.

ಅದು ಮಣ್ಣುಮುಕ್ಕ ಹಾವು. ವಿಷ ಇಲ್ಲ. ಎರಡು ತಲೆಯೂ ಇಲ್ಲ. ಬಾಲ ಮೊಂಡು, ಹೆದರಿದರೆ ತಲೆ ಅಡಗಿಸಿ ಬಾಲ ಎತ್ತುತ್ತದೆ, ಅಷ್ಟೇ. ಹೊಲದಲ್ಲಿ ಇಲಿ ತಿಂದುಕೊಂಡು ಇರುತ್ತದೆ. ನಿಧಿ ತೋರಿಸುತ್ತದೆ, ಮನೆಗೆ ಅದೃಷ್ಟ ತರುತ್ತದೆ, ಔಷಧಿಗೆ ಬರುತ್ತದೆ ಅನ್ನುವುದೆಲ್ಲ ಕಟ್ಟುಕತೆ. ಕೋಟಿ ಕೊಟ್ಟು ಕೊಂಡವನನ್ನು ಯಾರೂ ನೋಡಿಲ್ಲ. ಕೋಟಿಯ ಆಸೆಗೆ "ಅಡ್ವಾನ್ಸ್" ಕೊಟ್ಟು ಕಳೆದುಕೊಂಡವರು ಮಾತ್ರ ಇದ್ದಾರೆ. ತೂಕದ ಮೇಲೆ ರೇಟು ಅಂತ ನಂಬಿಸಿರುವುದರಿಂದ ಆ ಬಡಪಾಯಿ ಹಾವಿನ ಹೊಟ್ಟೆಗೆ ಏನೇನೋ ತುರುಕುತ್ತಾರೆ.

ಟೋಕೆ ಹಲ್ಲಿಗೂ ಇದೇ ಆಯಿತು. ಅದು ಏಡ್ಸ್ ವಾಸಿ ಮಾಡುತ್ತದೆ ಅಂತ ಗಾಳಿಸುದ್ದಿ ಹಬ್ಬಿ, 2011ರಲ್ಲಿ ಫಿಲಿಪ್ಪೀನ್ಸ್ ಸರ್ಕಾರವೇ "ಇದು ಸುಳ್ಳು" ಅಂತ ಎಚ್ಚರಿಕೆ ಕೊಡಬೇಕಾಯಿತು. ಅಲ್ಲೂ ತೂಕ, ಅಲ್ಲೂ ಗಾಳಿಮಾತಿನ ರೇಟು.

ಬಂದವರಿಗೆ ಅರಣ್ಯ ಇಲಾಖೆಯ ನಂಬರ್ ಬರೆದುಕೊಟ್ಟೆ. ಮಾಡಿದರೋ ಇಲ್ಲವೋ. ಮತ್ತೆ ಅಂಗಡಿಗೆ ಬರಲಿಲ್ಲ.

ನಕ್ಷತ್ರ ಆಮೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ?

ಒಣಭೂಮಿಯ ಆಮೆ ಅದು, ಮಲೆನಾಡಿನದಲ್ಲ. ಆಂಧ್ರ, ಕೋಲಾರ ಕಡೆಯ ಕುರುಚಲು ಕಾಡಿನಿಂದ ಹಿಡಿಯುತ್ತಾರೆ. ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕಡಿಮೆ ಅಂದರೂ 55,000 ಹೋಗುತ್ತಿತ್ತು ಅಂತ 2015ರ ಅಧ್ಯಯನ ಹೇಳಿತು. ಹೋಗುವುದು ಹೆಚ್ಚಾಗಿ ಆಗ್ನೇಯ ಏಷ್ಯಾಕ್ಕೆ. ವಾಪಸ್ ಬರುವುದು ಅಪರೂಪ. 2018ರಲ್ಲಿ ಸಿಂಗಪುರದಿಂದ 51 ಆಮೆ ಬೆಂಗಳೂರಿಗೆ ಬಂದವು. 55,000 ಎಲ್ಲಿ, 51 ಎಲ್ಲಿ.

ಹೊಸ ಹಲ್ಲಿ ಕಂಡುಹಿಡಿದ್ರೆ ವಿಜ್ಞಾನಿಗಳು ಜಾಗ ಯಾಕೆ ಮುಚ್ಚಿಡ್ತಾರೆ?

ಪೆಟ್ಟು ತಿಂದು ಕಲಿತದ್ದು. 1999ರಲ್ಲಿ ಚೀನಾದ ಗುಹೆ ಹಲ್ಲಿಯೊಂದಕ್ಕೆ ಹೆಸರಿಟ್ಟು, ಸಿಕ್ಕ ಜಾಗ ಬರೆದರು. ಪತ್ರಿಕೆ ಹಿಡಿದುಕೊಂಡೇ ಹಿಡಿಯುವವರು ಹೋದರು. ಅಮೆರಿಕದ ಪೇಟೆಯಲ್ಲಿ ಒಂದಕ್ಕೆ 1,500ರಿಂದ 2,000 ಡಾಲರ್. ಮೊದಲು ಕಂಡ ಜಾಗದಲ್ಲಿ ಹಲ್ಲಿ ಖಾಲಿ. ಹೊಸ ಹೆಸರು ಅನ್ನುವುದೇ ಒಂದು ರೇಟು. ನೀವೂ ಕುದುರೆಮುಖ, ಕೊಡಚಾದ್ರಿ ಕಡೆ ಚಂದದ ಹಲ್ಲಿಯ ಫೋಟೊ ತೆಗೆದರೆ ಲೊಕೇಶನ್ ಆಫ್ ಮಾಡಿ ಹಾಕಿ.

ಪ್ರಾಣಿಯ ಬೆಲೆ ಬಿಟ್ಟು ಬೇರೆ ಏನು ಖರ್ಚು?

ಕಾನೂನಿನ ಪ್ರಕಾರ ಕಳಿಸುವುದಾದರೆ ವಿಮಾನದ ನಿಯಮದಂತೆ ಪೆಟ್ಟಿಗೆ, ಗಾಳಿಗೆ ತೂತು, ಆರೋಗ್ಯ ಸರ್ಟಿಫಿಕೇಟ್ ಎಲ್ಲ ಆಗಬೇಕು. ಎಷ್ಟೋ ಸಲ ಮರಿಗಿಂತ ಸಾಗಣೆಯೇ ದುಬಾರಿ.

ಆಮೇಲೆ ಮನೆಯ ಖರ್ಚು. ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಣ ಸೀಮೆಯ ಓತಿ. ಅದಕ್ಕೆ ಬಿಸಿ ದೀಪ, ಯುವಿ ದೀಪ ಎರಡೂ ಬೇಕು. ಜುಲೈನಲ್ಲಿ ಹೊಸನಗರದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ ಅಂದರೆ ಅದನ್ನು ಒಲೆ ಹತ್ತಿರ ಇಡುತ್ತೀರಾ? ನಮ್ಮ ಬಟ್ಟೆಯೇ ಒಣಗದ ಊರು ಇದು. ಅಂದ ಹಾಗೆ, ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನು ಮಾರಲು ಹೊರಗೆ ಬಿಡುವುದೇ ಇಲ್ಲ. ಜಗತ್ತಿನ ಮನೆಮನೆಯಲ್ಲಿರುವ ಈ ಓತಿಗಳ ಮುತ್ತಜ್ಜಂದಿರು ಕಳ್ಳಸಾಗಣೆಯಲ್ಲಿ ಹೋದವರು.

ಇನ್ನು ಸತ್ತವುಗಳ ಖರ್ಚು. ಅದನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ. 2009ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಒಬ್ಬ ಹೋಲ್‌ಸೇಲ್ ವ್ಯಾಪಾರಿಯ ಗೋಡೌನಿನಿಂದ 26,000ಕ್ಕೂ ಹೆಚ್ಚು ಪ್ರಾಣಿಗಳನ್ನು ವಶಕ್ಕೆ ತೆಗೆದುಕೊಂಡರು. ಐದರಲ್ಲಿ ನಾಲ್ಕು ಪಾಲು ಸತ್ತಿದ್ದವು, ಇಲ್ಲವೇ ಕಾಯಿಲೆ ಬಿದ್ದಿದ್ದವು, ಗಾಯವಾಗಿದ್ದವು. ಆರು ವಾರಕ್ಕೆ 70 ಶೇಕಡಾ ಸಾಯುವುದು ಈ ವ್ಯಾಪಾರದಲ್ಲಿ ಮಾಮೂಲಿ ಅನ್ನುವ ವಾದವೂ ಆಗ ಬಂತು.

ನಾನು ಬೇರೆಯವರ ಕಡೆ ಬೆರಳು ತೋರಿಸುವ ಹಾಗಿಲ್ಲ. ಅಂಗಡಿ ಶುರು ಮಾಡಿದ ಹೊಸದರಲ್ಲಿ ಬೆಂಗಳೂರಿನ ಒಬ್ಬ ಹೋಲ್‌ಸೇಲಿನವನಿಂದ ಕೆಂಪು ಕಿವಿಯ ಆಮೆಮರಿ ತರಿಸಿದ್ದೆ. ರಾತ್ರಿ ಬಸ್ಸಿನಲ್ಲಿ ಥರ್ಮೋಕೋಲ್ ಡಬ್ಬಿ ಬಂತು. 40 ಮರಿ, ಒಂದೊಂದೂ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು. ಮೂರು ಆಗಲೇ ಸತ್ತಿದ್ದವು. ಇನ್ನು ಕೆಲವನ್ನು ಎತ್ತಿದರೆ ಚಿಪ್ಪು ಹಸಿ ಹಪ್ಪಳದ ಹಾಗೆ ಬೆರಳಿಗೆ ಬಗ್ಗುತ್ತಿತ್ತು. ವಾರದಲ್ಲಿ ಮತ್ತೆ ಎಂಟು ಹೋದವು. ಫೋನ್ ಮಾಡಿದರೆ ಆ ಮನುಷ್ಯ "ಅಷ್ಟು ಹೋಗೋದು ಇದ್ದಿದ್ದೇ, ಉಳಿದಿದ್ದಕ್ಕೆ ಇಪ್ಪತ್ತು ಜಾಸ್ತಿ ಹಾಕಿ ಮಾರಿ" ಅಂದ. ನಾನು ಹಾಗೇ ಮಾರಿದೆ. ಸತ್ತವುಗಳ ಬೆಲೆ ಬದುಕಿದವುಗಳ ಮೇಲೆ ಹೇಗೆ ಕೂರುತ್ತದೆ ಅನ್ನುವುದು ಆವತ್ತು ಕಲಿತದ್ದು.

ವಿಷದ ಹಾವು ತರಿಸಿ ಸಾಕಬಹುದಾ?

ನಮ್ಮ ಆಸ್ಪತ್ರೆಗಳಲ್ಲಿರುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಆಫ್ರಿಕಾದ ಹಾವು ಕಚ್ಚಿದರೆ ಮೆಗ್ಗಾನ್ ಆಸ್ಪತ್ರೆಯ ಡಾಕ್ಟರು ಏನು ಕೊಡಬೇಕು?

ಸಾಕಿದ ಆಮೆ ದೊಡ್ಡದಾಯ್ತು. ತುಂಗೆಗೆ ಬಿಟ್ಟುಬಿಡ್ಲಾ?

ದಯವಿಟ್ಟು ಬೇಡ.

ಅಂಗಡಿಯಲ್ಲಿ ಮಾರುವ ಆ ಕೆಂಪು ಕಿವಿಯ ಆಮೆ ಅಮೆರಿಕದ್ದು. ನಾಲ್ಕು ಇಂಚಿಗಿಂತ ಸಣ್ಣ ಮರಿಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಅನ್ನುವ ಭೇದಿ, ಜ್ವರದ ರೋಗಾಣು ಅಂಟುತ್ತದೆ ಅಂತ 1975ರಲ್ಲಿ ಅಲ್ಲೇ ಮಾರಾಟ ನಿಲ್ಲಿಸಿದರು. ಹೊರದೇಶಕ್ಕೆ ಕಳಿಸುವುದಕ್ಕೆ ಅಡ್ಡಿ ಇರಲಿಲ್ಲ. 1989ರಿಂದ 1997ರ ಒಳಗೆ 5 ಕೋಟಿಗೂ ಹೆಚ್ಚು ಮರಿ ಹಡಗು, ವಿಮಾನ ಹತ್ತಿದವು. ಅಷ್ಟು ಅಗ್ಗ ಆಗಿದ್ದು ಅದಕ್ಕೇ. ಕೊಂಡವರು ಬೆಳೆದ ಮೇಲೆ ಕೆರೆಗೆ ಬಿಟ್ಟರು. ಯುರೋಪಿನ ಕೆರೆಗಳಲ್ಲಿ ಅಲ್ಲಿನ ಆಮೆಗಳಿಗೆ ಜಾಗ ಇಲ್ಲದ ಹಾಗಾಗಿ, 1997ರಲ್ಲಿ ಅವರು ಆಮದು ನಿಲ್ಲಿಸಿದರು. ತುಂಗೆಯಲ್ಲಿ ನಮ್ಮದೇ ಹೊಳೆ ಆಮೆಗಳಿವೆ. ಅವುಗಳ ಊಟಕ್ಕೆ, ಬಿಸಿಲು ಕಾಯುವ ಬಂಡೆಗೆ ಇದು ಬಂದು ಕೂರುತ್ತದೆ. ಒಂದಲ್ಲ ಎರಡಲ್ಲ, 20–30 ವರ್ಷ ಬದುಕುತ್ತದೆ.

ನಾನು ಮಾರಿದ್ದಾದರೆ ವಾಪಸ್ ತನ್ನಿ, ದುಡ್ಡು ಕೇಳುವುದಿಲ್ಲ. ಅಂಗಡಿ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಈಗ ಒಂಬತ್ತು ಇವೆ, ಒಂದೊಂದೂ ಊಟದ ತಟ್ಟೆಯಷ್ಟು. ಬೆಳಿಗ್ಗೆ ಶಟರ್ ಎತ್ತಿದ ಸದ್ದಿಗೆ ಒಂಬತ್ತೂ ಕತ್ತು ಚಾಚುತ್ತವೆ. ತರುವ ಮುಂಚೆ ಒಂದು ಫೋನ್ ಮಾಡಿ, ಇನ್ನೊಂದು ತೊಟ್ಟಿ ಕಟ್ಟಿಸಬೇಕು.